ಪ್ರಿಂಟರಿನ ಹಿತ್ತಲ ಬಾಗಿಲು

ಹೋದ ವಾರ ಬೆಳಿಗ್ಗೆ ನಾನಿನ್ನೂ ಕಾಫಿ ಮುಗಿಸಿರಲಿಲ್ಲ, ಪಕ್ಕದ ಆಫೀಸಿನವನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು "ಇದು ನೀವೇ ತಾನೇ?" ಅಂದ. ನೋಡಿದ್ರೆ ನನ್ನ ಪಾಸ್‌ಪೋರ್ಟು, ವೀಸಾ ಪುಟದ ಸಮೇತ! ಎದೆ ಧಸಕ್ ಅಂತು.

ನಾನಿರೋದು ನ್ಯೂಜೆರ್ಸಿಯಲ್ಲಿ. ಆರು ಜನರ ಪುಟ್ಟ ಆಫೀಸು, ಎಲ್ಲರಿಗೂ ಸೇರಿ ಒಂದೇ ಪ್ರಿಂಟರು. ಅದನ್ನು ವೈಫೈಗೆ ಜೋಡಿಸಿದ ಮಹಾಶಯ ನಾನೇ. ರೂಟರಿಗೆ ಡಬ್ಲ್ಯೂಪಿಎ2, ಇಪ್ಪತ್ತು ಅಕ್ಷರದ ಪಾಸ್‌ವರ್ಡು ಎಲ್ಲ ಹಾಕಿ, ಇನ್ನೇನು ಭಯ ಅಂತ ಬೀಗಿದ್ದೆ.

ಎಡವಟ್ಟಾಗಿದ್ದು ಇಲ್ಲಿ. ಈಗಿನ ಬಹಳಷ್ಟು ಪ್ರಿಂಟರುಗಳು ರೂಟರಿನ ಹಂಗಿಲ್ಲದೆ ತಮ್ಮದೇ ಒಂದು ವೈಫೈ ಹರಡುತ್ತವೆ. ಅದಕ್ಕೆ ವೈಫೈ ಡೈರೆಕ್ಟ್ ಅಂತಾರೆ. ನಮ್ಮ ಪ್ರಿಂಟರಿನಲ್ಲಿ ಅದರ ಪಾಸ್‌ವರ್ಡು ಕಾರ್ಖಾನೆಯಿಂದ ಬಂದ ಹಾಗೇ ಇತ್ತು: 12345678. ಪಕ್ಕದವರದ್ದೂ ಅದೇ ಮಾಡೆಲ್. ಆತ ತನ್ನದೇ ಪ್ರಿಂಟರು ಅಂದುಕೊಂಡು ನಮ್ಮದಕ್ಕೆ ಸೇರಿದ್ದಾನೆ. ಸೆಟ್ಟಿಂಗ್ಸ್ ಪುಟಕ್ಕೆ ಪಾಸ್‌ವರ್ಡೇ ಇರಲಿಲ್ಲ. ನಾನು ಹಿಂದಿನ ದಿನ ಮಾಡಿದ ಸ್ಕ್ಯಾನು ಅದರ ಮೆಮೊರಿಯಲ್ಲೇ ಕೂತಿತ್ತು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡೆದಿತ್ತು!

ಅವನು ಒಳ್ಳೆಯವನು, ಬಂದು ಹೇಳಿದ. ಎಲ್ಲರೂ ಹಾಗೇ ಇರ್ತಾರಾ? 2018ರ ಕೊನೆಯಲ್ಲಿ ಒಬ್ಬ ಅನಾಮಿಕ ಲೋಕದ ಸಾವಿರಾರು ಪ್ರಿಂಟರುಗಳಲ್ಲಿ ತನ್ನ ಮೆಚ್ಚಿನ ಯೂಟ್ಯೂಬ್ ಚಾನೆಲ್ಲಿನ ಪ್ರಚಾರ ಅಚ್ಚು ಹಾಕಿಸಿದ್ದ. ಪಾಸ್‌ವರ್ಡು ಮುರಿಯುವ ಕಷ್ಟವೂ ಅವನಿಗಿರಲಿಲ್ಲ. ಆ ಪ್ರಿಂಟರುಗಳ 9100ನೇ ಪೋರ್ಟು ಇಂಟರ್ನೆಟ್ಟಿಗೆ ನೇರವಾಗಿ ತೆರೆದುಕೊಂಡಿತ್ತು.

ಅವತ್ತೇ ಕೂತು ರಿಪೇರಿ ಮಾಡಿದೆ. ವೈಫೈ ಡೈರೆಕ್ಟ್ ಬಂದ್. ಸೆಟ್ಟಿಂಗ್ಸ್ ಪುಟಕ್ಕೆ ಗಟ್ಟಿ ಪಾಸ್‌ವರ್ಡು. ಫರ್ಮ್‌ವೇರ್ ಅಪ್‌ಡೇಟು. ಉಳಿದಿದ್ದ ಸ್ಕ್ಯಾನುಗಳೆಲ್ಲ ಡಿಲೀಟು. ರೂಟರಿನಲ್ಲಿ ಹೊರಗಿನಿಂದ ಪ್ರಿಂಟರಿಗೆ ಯಾವ ದಾರಿಯೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಬಂದುಹೋಗುವವರಿಗೆ ಬೇರೆಯದೇ ಗೆಸ್ಟ್ ವೈಫೈ. ಅಲ್ಲಿಂದ ಪ್ರಿಂಟರು ಕಾಣಿಸೋದೇ ಇಲ್ಲ. ಸಂಬಳದ ಕಾಗದದಂಥವಕ್ಕೆ ಪಿನ್ ಒತ್ತಿದ ಮೇಲಷ್ಟೇ ಹಾಳೆ ಹೊರಗೆ. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಅದನ್ನು ಮೊದಲ ದಿನವೇ ಮಾಡಿದ್ದರೆ ನನ್ನ ಮುಖ ಅವನ ಪರದೆ ಮೇಲೆ ಬರುತ್ತಿರಲಿಲ್ಲ.

ನಾಳೆ ಆಫೀಸಿಗೆ ಹೋದಾಗ ಫೋನಿನಲ್ಲಿ ವೈಫೈ ಪಟ್ಟಿ ಒಮ್ಮೆ ನೋಡಿ. ‘ಡೈರೆಕ್ಟ್’ ಅಂತ ಶುರುವಾಗಿ ಪ್ರಿಂಟರಿನ ಮಾಡೆಲ್ಲಿನಲ್ಲಿ ಮುಗಿಯುವ ಹೆಸರೇನಾದ್ರೂ ಕಾಣ್ತಾ? ಹಾಗಿದ್ರೆ ನಿಮ್ಮ ಹಿತ್ತಲ ಬಾಗಿಲಿಗೂ ಒಂದು ಚಿಲಕ ಹಾಕಿಬಿಡಿ.