ಕಾರವಾರದ ಡಾಲ್ಫಿನ್ ವಿಹಾರ: ಖಾತರಿ ಕೊಡಲಾಗದ ಸರಕು

ಸಿಬ್ಬಂದಿ ಹಾಗೂ ಡೀಲರುಗಳಿಗಾಗಿ ವರ್ಷಕ್ಕೊಮ್ಮೆ ಪ್ರವಾಸ ಏರ್ಪಡಿಸುವ ಪದ್ಧತಿ ಬೆಂಗಳೂರಿನ ಅನೇಕ ವ್ಯಾಪಾರ ಸಂಸ್ಥೆಗಳಲ್ಲಿ ರೂಢಿಯಲ್ಲಿದೆ. ಬಿನ್ನಿಪೇಟೆ, ಮಾಗಡಿ ರಸ್ತೆಯ ಆಸುಪಾಸಿನವರಿಗೆ ಇದರಲ್ಲಿ ಒಂದು ಅನುಕೂಲವೂ ಉಂಟು. ಸಮೀಪದಲ್ಲೇ ಇರುವ ನಗರ ರೈಲು ನಿಲ್ದಾಣದಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಕಾರವಾರ ತಲುಪಬಹುದು. ಅಲ್ಲಿ ದೋಣಿಯವರ ಮುಂದೆ ಪ್ರವಾಸಿಗರು ಇಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಡಾಲ್ಫಿನ್ ಕಾಣುವುದು ಖಾತರಿಯೇ?

ಪ್ರಶ್ನೆ ಸಹಜವಾದದ್ದು. ಮೋಟಾರಿಗೂ ಮಿಕ್ಸಿಗೂ ವಾರಂಟಿ ಚೀಟಿ ಬರೆದುಕೊಡುವ ವರ್ತಕನು ತಾನು ಹಣ ತೆರುವಲ್ಲಿಯೂ ಭರವಸೆಯನ್ನು ಅಪೇಕ್ಷಿಸುತ್ತಾನೆ. ನೆರೆಯ ಗೋವೆಯ ಕಡಲತೀರಗಳಲ್ಲಿ ‘ಡಾಲ್ಫಿನ್ ಕಾಣದಿದ್ದರೆ ಹಣವಿಲ್ಲ’ ಎಂಬ ಕರೆ ಕೇಳಿಬರುವುದು ಈ ಕಾರಣದಿಂದಲೇ. ಆದರೆ ಮಾರಾಟವಾಗುತ್ತಿರುವ ಪ್ರಾಣಿಯು ಯಾರ ಗೋದಾಮಿನಲ್ಲಿಯೂ ದಾಸ್ತಾನಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ದೋಣಿಯವನಿಗೆ ಉಳಿಯುವ ಮಾರ್ಗವೆಂದರೆ ಎಂಜಿನ್ನಿನ ವೇಗ ಹೆಚ್ಚಿಸಿ ಬೆನ್ನಟ್ಟುವುದು.

ಕಾಳಿ ನದಿ ಸಮುದ್ರ ಸೇರುವ ಅಳಿವೆ, ದೇವಬಾಗದ ದಂಡೆ, ಕೂರ್ಮಗಡ ದ್ವೀಪದ ಸುತ್ತಲಿನ ನೀರು, ಇವಿಷ್ಟು ಕಾರವಾರದ ವಿಹಾರದೋಣಿಗಳ ಕ್ಷೇತ್ರ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ದೇವಬಾಗದಲ್ಲಿದೆ. ಖಾಸಗಿ ದೋಣಿಗಳೂ ಇವೆ. ಇಲ್ಲಿ ಕಾಣಸಿಗುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಆಳ ಸಮುದ್ರದ ಗೊಡವೆಗೆ ಹೋಗದೆ ದಡದ ಸನಿಹದಲ್ಲಿ, ಅಳಿವೆಗಳ ಬಾಯಲ್ಲಿ ಮೀನು ಹಿಡಿದು ಬದುಕುವ ಜಾತಿ ಇದು. ದೋಣಿಯವರಿಗೆ ಇದು ಸುಲಭವಾಗಿ ಸಿಗುವುದು ಆ ಕಾರಣಕ್ಕೆ. ಬಲೆ, ಬಂದರು, ಎಂಜಿನ್ನಿನ ಸದ್ದು ಇವೆಲ್ಲಕ್ಕೂ ಇದು ಮೊದಲು ಸಿಕ್ಕಿಬೀಳುವುದೂ ಆ ಕಾರಣಕ್ಕೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿಯೂ ಡಾಲ್ಫಿನ್‌ಗಳಿಗೆ ಸ್ಥಾನವಿದೆ.

ಡಾಲ್ಫಿನ್ ಮೀನಲ್ಲ; ಉಸಿರಾಡಲು ಮೇಲೆ ಬರಲೇಬೇಕು. ಬೇಟೆಯನ್ನೂ ದಾರಿಯನ್ನೂ ಅದು ಗುರುತಿಸುವುದು ತಾನು ಹೊರಡಿಸುವ ಧ್ವನಿಯ ಮರುದನಿಯಿಂದ. ನಾಲ್ಕಾರು ದೋಣಿಗಳು ಸುತ್ತುವರಿದು ಎಂಜಿನ್ ಅಬ್ಬರಿಸಿದಾಗ ಅದು ಮೇವನ್ನು ಬಿಟ್ಟು ಮುಳುಗುತ್ತದೆ, ತಾಯಿಯಿಂದ ಮರಿ ಬೇರಾಗುವುದೂ ಉಂಟು. ಒಂದು ಹೆರಿಗೆಗೆ ಒಂದೇ ಮರಿ, ಎರಡು ಹೆರಿಗೆಗಳ ನಡುವೆ ಸುಮಾರು ಮೂರು ವರ್ಷ. ಅಸಲನ್ನೇ ಕರಗಿಸುವ ವ್ಯಾಪಾರವೆಂದರೆ ಇದೇ, ಬೇರೆ ಹೆಸರು ಬೇಕಿಲ್ಲ. ನ್ಯೂಜಿಲೆಂಡ್ 1992ರಲ್ಲಿಯೇ ನಿಯಮ ರೂಪಿಸಿ, ಡಾಲ್ಫಿನ್‌ಗಳ 300 ಮೀಟರ್ ಆವರಣದಲ್ಲಿ ಮೂರಕ್ಕಿಂತ ಹೆಚ್ಚು ದೋಣಿಗಳು ಇರಕೂಡದೆಂದೂ ಅಲ್ಲಿ ನಿಧಾನಗತಿಯಲ್ಲಿ ಸಾಗಬೇಕೆಂದೂ ವಿಧಿಸಿತು. ಆ ದೇಶದಲ್ಲಿ ಈ ಉದ್ಯಮವೇನೂ ಬಡವಾಗಲಿಲ್ಲ.

ಅವಸರದ ಬೆಲೆಯನ್ನು ಮನುಷ್ಯರೂ ತೆರಬೇಕಾಗುತ್ತದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತರಾದರು. ಅದು ಡಾಲ್ಫಿನ್ ವಿಹಾರದ ದೋಣಿಯಲ್ಲ. ಆದರೆ ನೀರು ಅದೇ. ಸರದಿ ಬೇಗ ಮುಗಿಸಬೇಕೆಂಬ ಆತುರ, ಆಸನಕ್ಕಿಂತ ಹೆಚ್ಚು ಜನ, ಗಂಟು ಕಟ್ಟಿ ಮೂಲೆಯಲ್ಲಿಟ್ಟ ಜೀವರಕ್ಷಕ ಜಾಕೆಟ್ಟುಗಳು, ಇಂಥವು ಎಲ್ಲಿ ಕಂಡರೂ ಹತ್ತದಿರುವುದೇ ಲೇಸು.

ತಂಡವನ್ನು ಕರೆದೊಯ್ಯುವ ಮಾಲೀಕರು ದೋಣಿಯನ್ನು ಡಾಲ್ಫಿನ್ ಲೆಕ್ಕದಲ್ಲಿ ಅಲ್ಲ, ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡುವುದು ಸೂಕ್ತ. ಕಂಡರೂ ಕಾಣದಿದ್ದರೂ ಬಾಡಿಗೆ ಪೂರ್ಣ ಸಲ್ಲುವುದೆಂದು ಮುಂಚೆಯೇ ಹೇಳಿದರೆ ದೋಣಿಯವನಿಗೆ ಅಟ್ಟಿಸಿಕೊಂಡು ಹೋಗುವ ಒತ್ತಡವಿರದು. ಅನುಭವಸ್ಥ ಮೀನುಗಾರನು ದೂರದಲ್ಲಿಯೇ ವೇಗ ತಗ್ಗಿಸಿ, ಹಿಂಡಿನ ಎದುರಿಗೆ ಹೋಗದೆ ಪಕ್ಕದಲ್ಲಿ ಸಮಾನಾಂತರವಾಗಿ ಸಾಗಿ ಕಾಯುತ್ತಾನೆ. ಕಾದವರ ಬಳಿಗೆ ಪ್ರಾಣಿಗಳು ತಾವಾಗಿ ಬರುವುದೂ ಇದೆ. ಬಾರದಿದ್ದರೆ ದ್ವೀಪ, ಅಳಿವೆ, ಹಿಂದೆ ನಿಂತ ಸಹ್ಯಾದ್ರಿಯ ಸಾಲು ನೋಡಲು ಇದ್ದೇ ಇವೆ; ಇದನ್ನು ಡೀಲರುಗಳಿಗೆ ಬೆಂಗಳೂರಿನಲ್ಲಿಯೇ ತಿಳಿಸಿಬಿಡಬೇಕು.

ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು ಪ್ರಶಸ್ತ. ಮಳೆಗಾಲದಲ್ಲಿ ಕಡಲು ಉಕ್ಕೇರಿರುತ್ತದೆ; ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ಆ ತಿಂಗಳುಗಳಿಗೆ ಪ್ರವಾಸ ಗೊತ್ತುಮಾಡುವಂತಿಲ್ಲ.