ರ‍್ಯಾಕೆಟ್ಟನ್ನು ಬದಲಾಯಿಸುವುದು ಯಾವಾಗ?

ಮನೆಯಲ್ಲಿ ಟೆನಿಸ್ ಆಡುವ ಮಗನೋ ಮಗಳೋ ಇದ್ದರೆ ಈ ದೂರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ: “ಅಪ್ಪಾ, ಈ ರ‍್ಯಾಕೆಟ್ಟು ಹಳೆಯದಾಯಿತು. ಚೆಂಡು ಹೇಳಿದ ಕಡೆ ಹೋಗುವುದೇ ಇಲ್ಲ.” ಹೊಸತರ ಬೆಲೆಯೇನೂ ಕಡಿಮೆಯಲ್ಲ. ಹಣ ತೆಗೆಯುವ ಮುನ್ನ ಒಂದು ಪ್ರಶ್ನೆ ಹಾಕಿಕೊಳ್ಳಿರಿ: ಹಳತಾದದ್ದು ಚೌಕಟ್ಟೋ, ತಂತಿಯೋ?

ವೀಣೆಯನ್ನು ನೆನೆದುಕೊಳ್ಳಿ. ನಾದ ಮಂಕಾದರೆ ತಂತಿಯನ್ನು ಬದಲಿಸುತ್ತೇವೆಯೇ ಹೊರತು ವೀಣೆಯನ್ನಲ್ಲ. ರ‍್ಯಾಕೆಟ್ಟಿನ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. ಆಟಗಾರರು ‘ಗಟ್’ ಎಂದು ಕರೆಯುವ ಈ ತಂತಿಯನ್ನು ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರು. ಈಗ ನೈಲಾನ್, ಪಾಲಿಯೆಸ್ಟರುಗಳೇ ಹೆಚ್ಚು. ಯಾವುದೇ ಇರಲಿ, ಆಡದೆ ಗೂಟಕ್ಕೆ ತೂಗುಹಾಕಿದ್ದರೂ ಅದರ ಬಿಗಿ ಇಳಿಯುತ್ತಲೇ ಹೋಗುತ್ತದೆ. ಪಾಲಿಯೆಸ್ಟರ್ ಅಂತೂ ಕಡಿದುಹೋಗುವ ಮೊದಲೇ ಜೀವ ಕಳೆದುಕೊಳ್ಳುತ್ತದೆ. ಅಂಥ ತಂತಿಯಲ್ಲಿ ಆಡುತ್ತಲೇ ಇದ್ದರೆ ಪೆಟ್ಟಿನ ಅದುರು ಮೊಣಕೈಗೆ ಏರುತ್ತದೆ. ಬೆಳೆಯುವ ಮಕ್ಕಳ ಕೈಗೆ ಇದು ಹಿತವಲ್ಲ.

ಬಳಕೆಯಲ್ಲಿರುವ ಲೆಕ್ಕ ಸುಲಭವಾದದ್ದು: ವಾರಕ್ಕೆ ಎಷ್ಟು ದಿನ ಆಟವೋ, ವರ್ಷಕ್ಕೆ ಅಷ್ಟು ಸಲ ಹೊಸ ತಂತಿ. ಪಾಲಿಯೆಸ್ಟರ್ ಆದರೆ ಇನ್ನೂ ಬೇಗ.

ಇನ್ನು ಚೌಕಟ್ಟು. ರಾಮನಾಥನ್ ಕೃಷ್ಣನ್ ಅವರು 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ಕಾಲದ್ದು ಮರದ ರ‍್ಯಾಕೆಟ್ಟು. ತೇವಕ್ಕೆ ಅದು ಡೊಂಕಾಗುತ್ತಿತ್ತು. ಅದಕ್ಕಾಗಿಯೇ ಆಟ ಮುಗಿದೊಡನೆ ತಿರುಪಿನ ಪ್ರೆಸ್ಸಿನಲ್ಲಿ ಬಿಗಿದಿಡುತ್ತಿದ್ದರು. ಇಂದಿನ ಗ್ರಾಫೈಟಿಗೆ ಆ ಭಯವಿಲ್ಲ. ಸಾವಿರಾರು ಪೆಟ್ಟುಗಳಿಂದ ಅದೂ ಮೆಲ್ಲಮೆಲ್ಲನೆ ಮೆತ್ತಗಾಗುವುದು ನಿಜ. ಆದರೆ ವಾರಕ್ಕೆ ಒಂದೆರಡು ದಿನ ಆಡುವವರಿಗೆ ಹಲವು ವರ್ಷ ಬಾಳುತ್ತದೆ. ಬಿರುಕು ಕಂಡರೆ, ಇಲ್ಲವೆ ಹೊಸ ತಂತಿ ಕಟ್ಟಿಸಿದರೂ ಪೆಟ್ಟಿಗೆ ಕಸುವು ಬರದಿದ್ದರೆ, ಆಗ ಬದಲಾಯಿಸಬೇಕು.

ಮಕ್ಕಳ ಮಾತು ಬೇರೆ. ಅವರ ರ‍್ಯಾಕೆಟ್ಟು ಸವೆಯುವ ಮೊದಲೇ ಅವರು ಬೆಳೆದಿರುತ್ತಾರೆ. 19 ಅಂಗುಲದಿಂದ ದೊಡ್ಡವರ 27 ಅಂಗುಲದವರೆಗೆ ಹಲವು ಅಳತೆಗಳಿವೆ. ‘ಮುಂದಕ್ಕೂ ಆಗಲಿ’ ಎಂದು ದೊಡ್ಡ ಅಂಗಿ ಹೊಲಿಸುವಂತೆ ಉದ್ದನೆಯ ರ‍್ಯಾಕೆಟ್ಟನ್ನು ಕೊಡಿಸಬೇಡಿ. ಭಾರಕ್ಕೆ ಕೈ ಸೋಲುತ್ತದೆ, ಹೊಡೆತ ಕೆಡುತ್ತದೆ.

“ದೊಡ್ಡ ಆಟಗಾರರು ಪಂದ್ಯದ ನಡುವೆಯೇ ಬದಲಾಯಿಸುತ್ತಾರಲ್ಲ?” ಎಂದು ಮಗ ವಾದಿಸಬಹುದು. ದೊಡ್ಡ ಪಂದ್ಯಗಳಲ್ಲಿ ಮೊದಲ 7 ಗೇಮುಗಳ ನಂತರ, ಆಮೇಲೆ 9 ಗೇಮುಗಳಿಗೊಮ್ಮೆ ಚೆಂಡು ಹೊಸದಾಗುತ್ತದೆ. ಅದರೊಡನೆ ಹಲವರು ರ‍್ಯಾಕೆಟ್ಟನ್ನೂ ಬದಲಿಸುತ್ತಾರೆ. ಅವರು ಬಯಸುವುದು ಹೊಸದಾಗಿ ಬಿಗಿದ ತಂತಿಯನ್ನು. ರ‍್ಯಾಕೆಟ್ಟಿನ ಮಾದರಿ ಅದೇ. ಪೀಟ್ ಸಾಂಪ್ರಾಸ್ ತನ್ನ 14 ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಗಳನ್ನೂ ಒಂದೇ ಮಾದರಿಯ ರ‍್ಯಾಕೆಟ್ಟಿನಿಂದ ಗೆದ್ದವನು.

ಆದ್ದರಿಂದ ಮುಂದಿನ ಸಲ ದೂರು ಬಂದಾಗ ಮೊದಲು ತಂತಿ ಕಟ್ಟಿಸಿಕೊಡಿ. ಬಹಳ ಸಲ ಅಷ್ಟರಿಂದಲೇ ಹಳೆಯ ರ‍್ಯಾಕೆಟ್ಟು ಹೊಸದಾಗುತ್ತದೆ.