ರಿಮ್ಮಿಗಂಟಿದ ಕೆಮ್ಮಣ್ಣು

ಹೋದ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದ ಹತ್ತಿರ ನೆಂಟರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ತೋಟದ ದಾರಿಯ ಕೆಸರಿನಲ್ಲಿ ಕಾರು ಹೂತುಕೊಂಡಿತು. ನಾಲ್ಕು ಜನ ತಳ್ಳಿ ಈಚೆಗೆ ತಂದರು. ಮರುದಿನ ಬೆಳಿಗ್ಗೆ ಹೊಸಕೋಟೆಗೆಂದು ಹೆದ್ದಾರಿ ಹಿಡಿದೆ. ಅರವತ್ತರವರೆಗೆ ಏನೂ ಇಲ್ಲ. ಎಂಬತ್ತು ದಾಟುತ್ತಲೇ ಸ್ಟೇರಿಂಗ್ ಚಳಿಜ್ವರ ಬಂದಂತೆ ನಡುಗತೊಡಗಿತು. ದೇವನಹಳ್ಳಿಯಲ್ಲಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅಲ್ಲಿನ ಹುಡುಗ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ರಿಮ್ಮಿನ ಒಳಮೈಯನ್ನು ಬೆರಳಿನಲ್ಲಿ ತಡವಿ, ಒಣಗಿ ಹೆಂಟೆಯಾಗಿದ್ದ ಕೆಮ್ಮಣ್ಣನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ. "ಇಷ್ಟೇ ಅಣ್ಣ, ನೀರು ಹೊಡುದ್ರೆ ಸರೋಯ್ತದೆ" ಅಂದ. ತೊಳೆದ ಮೇಲೆ ನಡುಕ ನಿಂತಿತು.

ಅಷ್ಟು ಮಣ್ಣು ಒಂದು ಟನ್ ತೂಗುವ ಕಾರನ್ನು ಹೇಗೆ ನಡುಗಿಸಿತು? ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಷ್ಟರಲ್ಲಿ ಚಕ್ರ 14 ಸುತ್ತು ಹಾಕಿರುತ್ತದೆ. ರಿಮ್ಮಿನ ಒಂದು ಕಡೆ ಬರೀ 50 ಗ್ರಾಂ ಮಣ್ಣು ಅಂಟಿದ್ದರೂ, ಬೀಸುವ ಕವಣೆಯ ಕಲ್ಲು ಕೈಯನ್ನು ಎಳೆಯುವಂತೆ ಅದು ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಆ ವೇಗದಲ್ಲಿ ಎಳೆತ ಸುಮಾರು 7 ಕಿಲೋ ತೂಕಕ್ಕೆ ಸಮ. ವೇಗ ಅರ್ಧಕ್ಕಿಳಿದರೆ ಎಳೆತ ಕಾಲು ಭಾಗವಾಗುತ್ತದೆ, ಎರಡು ಕಿಲೋ ಕೂಡ ಇರುವುದಿಲ್ಲ. ಊರೊಳಗೆ ಓಡಿಸುವಾಗ ಗೊತ್ತೇ ಆಗದಿರುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ಜೋಕಾಲಿಗೆ ತನ್ನದೇ ಲಯವಿದ್ದಂತೆ, ಸ್ಪ್ರಿಂಗಿಗೂ ಟೈರಿಗೂ ನಡುವೆ ಸಿಕ್ಕಿಕೊಂಡಿರುವ ಚಕ್ರಕ್ಕೂ ಒಂದು ಲಯವಿದೆ: ಸೆಕೆಂಡಿಗೆ ಹೆಚ್ಚುಕಡಿಮೆ 10ರಿಂದ 15 ಸಲ ಅದು ಮೇಲೆ ಕೆಳಗೆ ಕುಣಿಯಬಲ್ಲದು. ಮಣ್ಣಿನ ತಳ್ಳುವಿಕೆ ಈ ಲಯಕ್ಕೆ ಕೂಡಿಕೊಂಡಾಗ ಒಂದೊಂದು ತಳ್ಳೂ ಹಿಂದಿನದಕ್ಕೆ ಸೇರುತ್ತ ಹೋಗುತ್ತದೆ. ಇದೇ ಅನುರಣನ. ಎಂಬತ್ತರಿಂದ ನೂರರ ಸುಮಾರಿನಲ್ಲಿ ನಡುಕ ಏರುವುದು ಹೀಗೆ. ವೀಲ್ ಬ್ಯಾಲೆನ್ಸ್ ಮಾಡುವವರು ರಿಮ್ಮಿಗೆ ಹೊಡೆಯುವ ಚಿಕ್ಕ ಲೋಹದ ತುಂಡು ಈ ಎಳೆತಕ್ಕೆ ಎದುರು ಎಳೆತ, ಬೇರೇನಲ್ಲ.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಬೀದಿಗಳಿವೆ. ಹತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಒಂದರ ಲಯ ತಪ್ಪಿದರೆ ನೇಯುವವರು ತಿರುಗಿ ನೋಡುತ್ತಾರೆ. ಕಾರಿನಲ್ಲೂ ಸದ್ದು ಎಷ್ಟು ಜೋರು ಎಂಬುದಕ್ಕಿಂತ ಅದು ಯಾವುದರ ಲಯ ಹಿಡಿದಿದೆ ಎಂಬುದು ಮುಖ್ಯ. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಸದ್ದು ಬಂದರೆ ಅದು ಎಂಜಿನ್ ಕಡೆಯದು. ಓಡುವಾಗ ಮಾತ್ರ ಬಂದರೆ, ಗಾಡಿಗಳಿಲ್ಲದ ಸಮತಟ್ಟಾದ ನೇರ ರಸ್ತೆಯಲ್ಲಿ ಕ್ಷಣಹೊತ್ತು ಕ್ಲಚ್ ಒತ್ತಿ ನೋಡಿ. ಎಂಜಿನ್ ವೇಗ ಇಳಿದರೂ ಸದ್ದು ಹಾಗೇ ಇದ್ದರೆ, ಚಕ್ರ, ಟೈರು, ಬೇರಿಂಗುಗಳ ಕಡೆ ಹುಡುಕಬೇಕು. ಓಡುವಾಗ ಕೀ ಮಾತ್ರ ಆಫ್ ಮಾಡಬೇಡಿ. ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕು ಗಟ್ಟಿಯಾಗುತ್ತದೆ.

ವೇಗದ ಜೊತೆ ಏರುವ 'ಹೂಂ' ಎಂಬ ಗುಂಯ್ಗುಡುವಿಕೆಯಲ್ಲೇ ಜನ ಹೆಚ್ಚು ಮೋಸ ಹೋಗುವುದು. ಕಾಂಕ್ರೀಟಿನಿಂದ ಡಾಂಬರಿಗೆ ಬಂದಾಗ ದನಿ ಬದಲಾದರೆ, ಒಂದೇ ಸಮ ಸವೆಯದ ಟೈರಿನ ಮೇಲೆ ಅನುಮಾನ ಪಡಬಹುದು. ರಸ್ತೆ ಬದಲಾದರೂ ದನಿ ಬದಲಾಗದೆ, ಬಲಕ್ಕೆ ತಿರುಗಿಸಿದಾಗ ಜೋರಾದರೆ ಸಾಮಾನ್ಯವಾಗಿ ಎಡ ಚಕ್ರದ ಬೇರಿಂಗ್ ಹೋಗಿರುತ್ತದೆ. ತಿರುವಿನಲ್ಲಿ ಕಾರಿನ ಭಾರ ಹೊರಗಡೆಯ ಚಕ್ರದ ಮೇಲೆ ಬೀಳುತ್ತದಲ್ಲ, ಹಾಗಾಗಿ. ಪೂರಾ ಸ್ಟೇರಿಂಗ್ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ 'ಕಟಕಟ' ಎಂದರೆ ಆಕ್ಸಲ್ ತುದಿಯ ಜಾಯಿಂಟ್: ರಬ್ಬರ್ ಬೂಟ್ ಹರಿದು, ಗ್ರೀಸ್ ಸೋರಿ, ದೂಳು ಹೊಕ್ಕಿರುತ್ತದೆ. ಬೂಟ್ ಹರಿದಾಗಲೇ ಬದಲಿಸಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಹಂಪ್ಸಿನಲ್ಲಿ 'ಗಡ್' ಎನ್ನುವುದು ಹೆಚ್ಚಾಗಿ ಸಸ್ಪೆನ್ಷನ್ನಿನ ಬುಶ್, ಲಿಂಕ್ ರಾಡ್. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಡಿಸ್ಕಿನ ಮೈ ಒಂದೇ ಸಮ ಇಲ್ಲವೆಂದು ಅರ್ಥ. ಬ್ರೇಕಿನ 'ಕೀ' ಎಂಬ ಕಿರುಚಲನ್ನು ಹಲವು ಕಾರುಗಳಲ್ಲಿ ಬೇಕೆಂದೇ ಇಟ್ಟಿದ್ದಾರೆ; ಪ್ಯಾಡ್ ಸವೆದಾಗ ಅದಕ್ಕಿರುವ ಚಿಕ್ಕ ತಗಡಿನ ನಾಲಿಗೆ ಡಿಸ್ಕಿಗೆ ತಾಗಿ ಎಚ್ಚರಿಸುತ್ತದೆ.

ಒಂದನ್ನು ಮಾತ್ರ ನಾಳೆಗೆ ಬಿಡಬೇಡಿ. ಪಂಕ್ಚರ್ ಹಾಕಿಸಿ ಚಕ್ರ ಕೂಡಿಸಿದ ಮೇಲೆ 'ಟಕ್ ಟಕ್' ಶುರುವಾಗಿ, ನಡುಕ ಹೆಚ್ಚುತ್ತ ಹೋದರೆ ಅಲ್ಲೇ ರಸ್ತೆ ಬದಿಗೆ ನಿಲ್ಲಿಸಿ. ವೀಲ್ ನಟ್ ಸಡಿಲವಾಗಿರಬಹುದು.

ಗ್ಯಾರೇಜಿಗೆ ಹೋದಾಗ 'ಏನೋ ಸದ್ದು ಬರ್ತಿದೆ' ಎಂದಷ್ಟೇ ಹೇಳಬೇಡಿ. ಎಷ್ಟು ಸ್ಪೀಡಿನಲ್ಲಿ ಬಂತು, ಯಾವ ಕಡೆಗೆ ತಿರುಗಿಸಿದಾಗ ಬಂತು, ಬ್ರೇಕಿನಲ್ಲೋ ಕ್ಲಚ್ಚಿನಲ್ಲೋ, ನಡುಕ ಸ್ಟೇರಿಂಗಿನಲ್ಲೋ ಸೀಟಿನಲ್ಲೋ ಎಂದು ಬರೆದುಕೊಂಡು ಹೋಗಿ. ಸ್ಟೇರಿಂಗಿನಲ್ಲಿದ್ದರೆ ಬಹುಪಾಲು ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹಿಂದಿನದು. ಆಮೇಲೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೇ ಹೋಗಿ. ತೊಂಬತ್ತರಲ್ಲಿ ಬರುವ ನಡುಕವನ್ನು ಗ್ಯಾರೇಜಿನ ಮುಂದಿನ ಗಲ್ಲಿಯಲ್ಲಿ ಮೂವತ್ತರಲ್ಲಿ ಓಡಿಸಿ ಹಿಡಿಯಲು ಆಗುವುದಿಲ್ಲ.